ಶಿಮೊನ್ ಸಕಾಗುಚಿ ಅವರ ಸಂಶೋಧನಾ ಪ್ರಕಟಣೆಗಳು: ಪರಿಚಯ ಲೇಖನದಲ್ಲಿ ಸೈಟೇಷನ್ ಅಂಕಿಗಳನ್ನು ಹೇಗೆ ಕೊಡಬೇಕು?

ಪ್ರಶ್ನೆ — ಸೂಕ್ಷ್ಮಜೀವಿಶಾಸ್ತ್ರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿಸುತ್ತೇನೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ ಹಂಚಿಕೊಂಡ ಜಪಾನಿನ ರೋಗನಿರೋಧಕ ವಿಜ್ಞಾನಿ, ಒಸಾಕಾ ವಿಶ್ವವಿದ್ಯಾಲಯದ ಶಿಮೊನ್ ಸಕಾಗುಚಿ ಅವರ ಬಗ್ಗೆ ಕನ್ನಡದಲ್ಲಿ ವಿಸ್ತಾರವಾದ ಪರಿಚಯ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬಾಲ್ಯ, ಶಿಕ್ಷಣ, ನಿಯಂತ್ರಕ ಟಿ-ಕೋಶಗಳ (ದೇಹದ ಸ್ವಂತ ಅಂಗಗಳ ಮೇಲಿನ ರೋಗನಿರೋಧಕ ದಾಳಿಯನ್ನು ತಡೆಯುವ ಬಿಳಿ ರಕ್ತಕೋಶಗಳ) ಕಾರ್ಯ, ಇವುಗಳ ಭಾಗ ಮುಗಿದಿದೆ. ಕೆಲಸ ನಿಂತಿರುವುದು ‘ಪ್ರಕಟಣೆಗಳು ಮತ್ತು ಪ್ರಭಾವ’ ಎಂಬ ಭಾಗದಲ್ಲಿ.

ತೊಡಕು ಹೀಗಿದೆ. ಅವರ ಪ್ರಬಂಧಗಳ ಸಂಖ್ಯೆ, ಒಟ್ಟು ಸೈಟೇಷನ್ (ಇತರ ಪ್ರಬಂಧಗಳು ಅವರ ಕೆಲಸವನ್ನು ಉಲ್ಲೇಖಿಸಿದ ಸಂಖ್ಯೆ), ಎಚ್-ಇಂಡೆಕ್ಸ್ (ಇವೆರಡನ್ನೂ ಬೆರೆಸಿ ತೆಗೆದ ಅಂಕ) ಈ ಮೂರನ್ನೂ ಪ್ರಬಂಧಗಳ ದತ್ತಸಂಚಯಗಳಲ್ಲಿ ಹುಡುಕಿದರೆ ಗೂಗಲ್ ಸ್ಕಾಲರ್ ಒಂದು ಹೇಳುತ್ತದೆ, ಸ್ಕೋಪಸ್ ಇನ್ನೊಂದು ಹೇಳುತ್ತದೆ. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ 1995ರ ಪ್ರಬಂಧ ಪ್ರಕಟವಾದದ್ದು ‘ಜರ್ನಲ್ ಆಫ್ ಇಮ್ಯುನಾಲಜಿ’ಯಲ್ಲಿ, ಅದು ಗೌರವಾನ್ವಿತ ಪತ್ರಿಕೆಯೇ ಆದರೂ ಇಂಪ್ಯಾಕ್ಟ್ ಫ್ಯಾಕ್ಟರ್‌ನ (ಪತ್ರಿಕೆಯೊಂದರ ಇತ್ತೀಚಿನ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿದೆ ಎಂಬ ಅಳತೆಯ) ಪಟ್ಟಿಯಲ್ಲಿ ‘ನೇಚರ್’, ‘ಸೆಲ್’ಗಳಿಗಿಂತ ಬಹಳ ಕೆಳಗಿದೆ. ಇದಕ್ಕಿಂತಲೂ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿರುವುದು ಬ್ರಂಕೋ ಅವರ ಪ್ರಕಟಣೆಗಳ ಪಟ್ಟಿ. ಅದು ಸಕಾಗುಚಿ ಅವರದ್ದಕ್ಕೆ ಹೋಲಿಸಿದರೆ ತೀರಾ ಚಿಕ್ಕದು. ಆದರೂ ಇಬ್ಬರಿಗೂ ದೊರೆತದ್ದು ಒಂದೇ ಪ್ರಶಸ್ತಿ. ನನ್ನ ವಿದ್ಯಾರ್ಥಿಗಳು ಯಾವ ವಿಜ್ಞಾನಿಯ ಹೆಸರು ಹೇಳಿದರೂ ಮೊದಲು ಕೇಳುವ ಪ್ರಶ್ನೆ “ಎಷ್ಟು ಪೇಪರ್, ಎಷ್ಟು ಸೈಟೇಷನ್?” ಎಂಬುದು. ಅವರಿಗೆ ಸುಳ್ಳು ಚಿತ್ರ ಕೊಡದಂತೆ ಈ ಭಾಗವನ್ನು ಹೇಗೆ ಬರೆಯಬೇಕು? ಅಂಕಿಗಳನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಸರಿಯೇ?

ಉತ್ತರ — ಗ್ರಂಥಪಾಲಕ

ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಅಧ್ಯಾಪಕರ ಬಡ್ತಿಯ ಕಡತಗಳಿಗೆ ಸೈಟೇಷನ್ ಪಟ್ಟಿ ತೆಗೆದುಕೊಡುವುದು ನನ್ನ ನಿತ್ಯದ ಕೆಲಸಗಳಲ್ಲಿ ಒಂದು. ಆ ಅನುಭವದಿಂದ ಮೊದಲು ಹೇಳಬೇಕಾದದ್ದು: ಎರಡು ಕಡೆ ಎರಡು ಅಂಕಿ ಕಂಡರೆ ಅವುಗಳಲ್ಲಿ ಒಂದು ತಪ್ಪು ಎಂದು ಭಾವಿಸಬೇಕಾಗಿಲ್ಲ. ಇನ್ನೊಂದು ಸೈಟೇಷನ್ ದತ್ತಸಂಚಯವಾದ ವೆಬ್ ಆಫ್ ಸೈನ್ಸ್‌ನ ಬೇರು ಯೂಜೀನ್ ಗಾರ್ಫೀಲ್ಡ್ ಅವರು 1964ರಲ್ಲಿ ಹೊರತಂದ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ನಲ್ಲಿದೆ, ಆಯ್ದ ಪತ್ರಿಕೆಗಳನ್ನು ಮಾತ್ರ ಎಣಿಸುವುದು ಅದರ ಮೂಲ ತತ್ತ್ವ. ಎಲ್ಸೆವಿಯರ್‌ನ ಸ್ಕೋಪಸ್ 2004ರಲ್ಲಿ ಬಂದಿತು, ಅದರ ಪತ್ರಿಕೆಗಳ ಪಟ್ಟಿ ಬೇರೆ. ಅದೇ ವರ್ಷ ಆರಂಭವಾದ ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ಪ್ರಿಪ್ರಿಂಟ್, ಪುಸ್ತಕದ ಅಧ್ಯಾಯ, ಸಮ್ಮೇಳನದ ಸಾರಾಂಶ ಎಲ್ಲವನ್ನೂ ಜಾಲದಿಂದ ಬಾಚಿಕೊಳ್ಳುವುದರಿಂದ ಅಲ್ಲಿಯ ಸಂಖ್ಯೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಅಂಕಿಯನ್ನು ಕೊಡುವುದಾದರೆ ಯಾವ ದತ್ತಸಂಚಯ, ಯಾವ ದಿನ ನೋಡಿದ್ದು ಎಂಬ ಎರಡನ್ನೂ ಅದೇ ವಾಕ್ಯದಲ್ಲಿ ಬರೆಯಿರಿ. ಒಂದು ಕಡೆಯ ಪ್ರಬಂಧಗಳ ಸಂಖ್ಯೆಯನ್ನೂ ಇನ್ನೊಂದು ಕಡೆಯ ಸೈಟೇಷನ್ ಮೊತ್ತವನ್ನೂ ಜೋಡಿಸಬೇಡಿ.

ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಎಸ್. ಸಕಾಗುಚಿ’ ಎಂದು ಹುಡುಕಿದರೆ ಪ್ರಿಯಾನ್ ರೋಗಗಳ ಮೇಲೆ ಕೆಲಸ ಮಾಡುವ ಮತ್ತೊಬ್ಬ ಜಪಾನಿ ವಿಜ್ಞಾನಿಯ ಪ್ರಬಂಧಗಳೂ ಬರುತ್ತವೆ. ಶಿಮೊನ್ ಅವರ ಪತ್ನಿ ನೊರಿಕೊ ಸಕಾಗುಚಿ ಅವರೂ ಸಂಶೋಧಕಿ, 1995ರ ಪ್ರಬಂಧದಲ್ಲಿ ಎರಡನೆಯ ಲೇಖಕಿ ಅವರೇ. ಸಂಶೋಧಕರಿಗೆ ಪ್ರತ್ಯೇಕ ಗುರುತಿನ ಸಂಖ್ಯೆ ನೀಡುವ ಆರ್ಕಿಡ್ ವ್ಯವಸ್ಥೆ ಬಂದದ್ದು 2012ರಲ್ಲಿ. ಅದಕ್ಕೂ ಹಿಂದಿನ ಪ್ರಬಂಧಗಳನ್ನು ಯಂತ್ರವು ಹೆಸರು ನೋಡಿಯೇ ಗುಂಪು ಮಾಡಿರುತ್ತದೆ. 1970 ಮತ್ತು 80ರ ದಶಕದ ಕೆಲಸ ಇರುವ ಯಾರ ಪಟ್ಟಿಯನ್ನಾದರೂ ಒಮ್ಮೆ ಕಣ್ಣಾರೆ ಓದಿ ನೋಡದೆ ನಂಬುವುದು ಕಷ್ಟ.

ಎಚ್-ಇಂಡೆಕ್ಸ್ ಕುರಿತು ಒಂದು ಮಾತು. ಇದನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ. ಒಬ್ಬರ 50 ಪ್ರಬಂಧಗಳು ತಲಾ ಕನಿಷ್ಠ 50 ಬಾರಿ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ 50. ಈ ಲೆಕ್ಕದ ಸ್ವಭಾವವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಸಕಾಗುಚಿ ಅವರ ಉದಾಹರಣೆ ಬಹಳ ಒಳ್ಳೆಯದು: ಸಾವಿರಾರು ಬಾರಿ ಉಲ್ಲೇಖಗೊಂಡ 1995ರ ಪ್ರಬಂಧ ಅವರ ಎಚ್-ಇಂಡೆಕ್ಸ್‌ಗೆ ಸೇರಿಸುವುದು ಒಂದೇ ಒಂದು ಅಂಕ, ಆ ಗಡಿಯನ್ನು ದಾಟಿದ ಸಾಧಾರಣ ಪ್ರಬಂಧವೊಂದು ಸೇರಿಸುವುದೂ ಅಷ್ಟೇ. ಕ್ಷೇತ್ರದಿಂದ ಕ್ಷೇತ್ರಕ್ಕೆ ಈ ಅಂಕ ಏರುಪೇರಾಗುತ್ತದೆ, ಜೀವವಿಜ್ಞಾನಿಗಳದ್ದು ಭೌತವಿಜ್ಞಾನಿಗಳಿಗಿಂತ ಹೆಚ್ಚಿರುತ್ತದೆ ಎಂಬುದನ್ನು ಹಿರ್ಷ್ ಅವರೇ ತಮ್ಮ ಮೊದಲ ಪ್ರಬಂಧದಲ್ಲಿ ಬರೆದಿದ್ದರು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ಪತ್ರಿಕೆಯ ಅಳತೆ. ಅದನ್ನು ವ್ಯಕ್ತಿಗೆ ಹಚ್ಚಬಾರದು ಎಂಬುದು ಸಂಶೋಧನೆಯ ಮೌಲ್ಯಮಾಪನದ ಕುರಿತು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ಮುಖ್ಯ ಒತ್ತಾಯ.

ಉತ್ತರ — ಬೆಂಗಳೂರಿನ ಪ್ರಯೋಗಾಲಯದಿಂದ

ನಾನು ರೋಗನಿರೋಧಕ ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಟಿ-ಕೋಶಗಳೇ ನನ್ನ ವಿಷಯ. ಗ್ರಂಥಪಾಲಕರು ಹೇಳಿದ್ದೆಲ್ಲ ಸರಿ. ಆದರೆ ಮೇಡಂ, ನಿಮ್ಮ ಲೇಖನದ ಈ ಭಾಗ ಅಂಕಿಗಳಿಂದ ಆರಂಭವಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಕಾಗುಚಿ ಅವರ ಪ್ರಕಟಣೆಗಳನ್ನು ವರ್ಷದ ಕ್ರಮದಲ್ಲಿ ಇಟ್ಟು, ಪ್ರತಿಯೊಂದೂ ಹೊರಬಂದಾಗ ಕ್ಷೇತ್ರದಲ್ಲಿ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದನ್ನು ಹೇಳಿದರೆ ಸೈಟೇಷನ್‌ಗಳ ಅರ್ಥ ತಾನಾಗಿ ತಿಳಿಯುತ್ತದೆ.

ಕತೆ ಅವರಿಗಿಂತ ಮೊದಲೇ ಶುರುವಾಗುತ್ತದೆ. ಹುಟ್ಟಿದ ಮೂರು ದಿನಗಳ ಆಸುಪಾಸಿನಲ್ಲಿ ಇಲಿಮರಿಯ ಥೈಮಸ್ ಗ್ರಂಥಿಯನ್ನು ತೆಗೆದರೆ ಅದರ ಅಂಡಾಶಯ ನಾಶವಾಗುತ್ತದೆ ಎಂದು ಜಪಾನಿನ ನಿಶಿಜುಕಾ ಮತ್ತು ಸಕಾಕುರಾ 1969ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ರೋಗನಿರೋಧಕ ಕೋಶಗಳನ್ನು ತಯಾರಿಸುವ ಗ್ರಂಥಿಯನ್ನೇ ತೆಗೆದಾಗ ರೋಗನಿರೋಧಕ ದಾಳಿ ಕಡಿಮೆಯಾಗಬೇಕಿತ್ತು, ಆದದ್ದು ತದ್ವಿರುದ್ಧ. ಈ ವಿಚಿತ್ರ ಸಂಗತಿಯ ಬೆನ್ನುಹತ್ತಿ ಸಕಾಗುಚಿ ಕ್ಯೋಟೊದ ಪದವ್ಯುತ್ತರ ಅಧ್ಯಯನವನ್ನು ಬಿಟ್ಟು ನಗೋಯಾದಲ್ಲಿದ್ದ ನಿಶಿಜುಕಾ ಅವರ ಪ್ರಯೋಗಾಲಯ ಸೇರಿದರು. ದೇಹದ ಸ್ವಂತ ಅಂಗಗಳ ಮೇಲಿನ ದಾಳಿಯನ್ನು ತಡೆಹಿಡಿಯುವ ಟಿ-ಕೋಶಗಳ ಒಂದು ವರ್ಗ ಆರೋಗ್ಯವಂತ ಇಲಿಯಲ್ಲಿಯೂ ಇದೆ ಎಂದು ತೋರಿಸಿದ ಅವರ ಪ್ರಬಂಧ 1985ರಲ್ಲಿ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ನಲ್ಲಿ ಬಂದಿತು.

ಆ ವರ್ಷವನ್ನು ಗಮನಿಸಿ. 1970ರಲ್ಲಿ ಗರ್ಶನ್ ಮತ್ತು ಕೊಂಡೊ ಅವರ ಪ್ರಯೋಗಗಳಿಂದ ಆರಂಭವಾದ ‘ಸಪ್ರೆಸರ್ (ತಡೆಯುವ) ಟಿ-ಕೋಶ’ದ ಸಿದ್ಧಾಂತ ಒಂದು ದಶಕ ಕಾಲ ಮೆರೆದು, 1980ರ ದಶಕದ ಆರಂಭದಲ್ಲಿ ಕುಸಿದಿತ್ತು. ಆ ಕೋಶಗಳ ಗುರುತೆಂದು ನಂಬಲಾಗಿದ್ದ ‘ಐ-ಜೆ’ ಅಣುವಿನ ಜೀನ್, ಇರಬೇಕೆಂದು ಹೇಳಲಾಗಿದ್ದ ಜಾಗದಲ್ಲಿ ಇರಲೇ ಇಲ್ಲ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿದ್ದವು. ಅಲ್ಲಿಂದ ಮುಂದೆ ‘ಟಿ-ಕೋಶ ಟಿ-ಕೋಶವನ್ನೇ ತಡೆಯುತ್ತದೆ’ ಎನ್ನುವ ಯಾವ ಪ್ರಬಂಧವನ್ನೂ ಸಂದೇಹವಿಲ್ಲದೆ ಓದುವವರು ವಿರಳವಾದರು. ಸಕಾಗುಚಿ ಅವರ ಪ್ರಕಟಣೆಗಳ ಮಧ್ಯದ ಹತ್ತು ವರ್ಷಗಳನ್ನು ಓದಬೇಕಾದದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ಹಲವು ಸಂಸ್ಥೆಗಳಲ್ಲಿ ಕೆಲಸ ಮಾಡುತ್ತ ಅವರು ಅದೇ ಪ್ರಶ್ನೆಯನ್ನು ಹಿಡಿದುಕೊಂಡಿದ್ದರು.

1995ರ ಪ್ರಬಂಧದ ಪ್ರಯೋಗ ಸರಳತೆಯಿಂದಲೇ ಸುಂದರವಾದದ್ದು. ಇಲಿಯ ಸಿಡಿ4 ಎಂಬ ವರ್ಗದ ಟಿ-ಕೋಶಗಳಲ್ಲಿ ಶೇ. 10ರಷ್ಟು ಕೋಶಗಳ ಮೇಲ್ಮೈಯಲ್ಲಿ ಸಿಡಿ25 ಎಂಬ ಅಣು ಇರುತ್ತದೆ. ಇದು ಇಂಟರ್‌ಲ್ಯೂಕಿನ್-2ರ ಗ್ರಾಹಕದ ಒಂದು ಭಾಗ. ಈ ಕೋಶಗಳನ್ನು ಮಾತ್ರ ಬೇರ್ಪಡಿಸಿ ತೆಗೆದು ಉಳಿದವುಗಳನ್ನು ಥೈಮಸ್ ಇಲ್ಲದ ಇಲಿಗಳಿಗೆ ಕೊಟ್ಟಾಗ ಥೈರಾಯ್ಡ್, ಜಠರ ಮೊದಲಾದ ಅಂಗಗಳ ಮೇಲೆ ಸ್ವಯಂ-ರೋಗನಿರೋಧಕ ದಾಳಿ ಆಯಿತು. ಸಿಡಿ25 ಇರುವ ಕೋಶಗಳನ್ನು ಸಕಾಲದಲ್ಲಿ ಮರಳಿ ಸೇರಿಸಿದಾಗ ದಾಳಿ ತಪ್ಪಿತು. ಹಿಂದಿನ ಸಿದ್ಧಾಂತಕ್ಕೆ ಇಲ್ಲದಿದ್ದ ಒಂದು ಸಾಧನ ಇಲ್ಲಿ ಸಿಕ್ಕಿತು. ಈ ಗುರುತನ್ನು ಹಿಡಿದು ಬೇರೆ ಯಾವ ಪ್ರಯೋಗಾಲಯವಾದರೂ ಆ ಕೋಶಗಳನ್ನು ಬೇರ್ಪಡಿಸಿ ಪರೀಕ್ಷಿಸಬಹುದಿತ್ತು. ಮೊದಲು ಸಂದೇಹದಿಂದ ನೋಡಿದ್ದ ಅಮೆರಿಕದ ಈಥನ್ ಶೆವಾಕ್ ಅವರ ಗುಂಪು ಪರೀಕ್ಷಿಸಿ, 1998ರಲ್ಲಿ ಪ್ರನಾಳದಲ್ಲಿಯೂ ಆ ಕೋಶಗಳು ತಡೆಯುವ ಕೆಲಸ ಮಾಡುತ್ತವೆ ಎಂದು ಪ್ರಕಟಿಸಿತು. 2001ರಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ಅವರಿಂದ ಫಾಕ್ಸ್‌ಪಿ3 ಜೀನ್ ಬೆಳಕಿಗೆ ಬಂದಿತು. 2003ರಲ್ಲಿ ಸಕಾಗುಚಿ, ಅಮೆರಿಕದ ಅಲೆಕ್ಸಾಂಡರ್ ರುಡೆನ್‌ಸ್ಕಿ ಮತ್ತು ರಾಮ್ಸ್‌ಡೆಲ್ ಅವರ ಮೂರು ಗುಂಪುಗಳು ಈ ನಿಯಂತ್ರಕ ಕೋಶಗಳ ಬೆಳವಣಿಗೆಗೆ ಆ ಜೀನ್ ಬೇಕು ಎಂಬ ಸಂಬಂಧವನ್ನು ಪ್ರತ್ಯೇಕವಾಗಿ ಸ್ಥಾಪಿಸಿದವು.

1995ರ ಪ್ರಬಂಧಕ್ಕೆ ಸೈಟೇಷನ್‌ಗಳ ಪ್ರವಾಹ ಬಂದದ್ದು 2000ದ ನಂತರ. ಇಂಪ್ಯಾಕ್ಟ್ ಫ್ಯಾಕ್ಟರ್‌ನ ಎರಡು ವರ್ಷಗಳ ಲೆಕ್ಕದಲ್ಲಿ ಅದರ ಪಾಲಿಗೆ ಬರುವುದು 1996 ಮತ್ತು 1997ರ ಉಲ್ಲೇಖಗಳು ಮಾತ್ರ. ಆ ಪ್ರಬಂಧ ಮಾಡಿದ ಕೆಲಸದ ಬಹುಭಾಗ ಆ ಕಿಟಕಿಯ ಆಚೆಗೆ ಬಿದ್ದಿತು. ಇದೊಂದು ಸಂಗತಿಯನ್ನು ನಿಮ್ಮ ವಿದ್ಯಾರ್ಥಿಗಳು ತಿಳಿದುಕೊಂಡರೆ ಸಾಕು ಎಂದೇ ನನಗೆ ಅನ್ನಿಸುತ್ತದೆ.

ಇನ್ನೊಂದು ಸೂಚನೆ. ಅವರ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ 2004ರ ‘ಆನ್ಯುಯಲ್ ರಿವ್ಯೂ ಆಫ್ ಇಮ್ಯುನಾಲಜಿ’ಯ ಲೇಖನ, 2008ರ ‘ಸೆಲ್’ ಲೇಖನ ಇಂಥ ಸಮೀಕ್ಷಾ ಲೇಖನಗಳೂ ಇವೆ. ಒಂದು ಕ್ಷೇತ್ರವನ್ನು ಪ್ರವೇಶಿಸುವ ಪ್ರತಿಯೊಬ್ಬರೂ ಪೀಠಿಕೆಯ ಮೊದಲ ವಾಕ್ಯಕ್ಕೆ ಸಮೀಕ್ಷೆಯನ್ನೇ ಉಲ್ಲೇಖಿಸುವುದು ರೂಢಿ. ಮೂಲ ಪ್ರಯೋಗದ ಪ್ರಬಂಧಗಳನ್ನೂ ಸಮೀಕ್ಷೆಗಳನ್ನೂ ಬೇರೆ ಬೇರೆಯಾಗಿ ತೋರಿಸಿ.

ಉತ್ತರ — ಅಂಕಿಅಂಶದ ಆಸಕ್ತ

ಹಿಂದಿನ ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ. ಆದರೆ ಒಟ್ಟಾರೆ ಧ್ವನಿ ಅಂಕಿಗಳ ವಿರುದ್ಧ ತುಸು ಹೆಚ್ಚೇ ವಾಲಿದೆ ಎಂದು ನನಗೆ ತೋರುತ್ತದೆ. ಸಕಾಗುಚಿ ಅವರಿಗೆ ನೊಬೆಲ್ ಬರಲಿದೆ ಎಂದು ಸೈಟೇಷನ್‌ಗಳ ಆಧಾರದ ಮೇಲೆಯೇ ಊಹಿಸಲಾಗಿತ್ತು. ಆಗ ವೆಬ್ ಆಫ್ ಸೈನ್ಸ್ ಥಾಮ್ಸನ್ ರಾಯ್ಟರ್ಸ್ ಒಡೆತನದಲ್ಲಿತ್ತು. ಆ ಸಂಸ್ಥೆ 2015ರಲ್ಲಿ ಪ್ರಕಟಿಸಿದ ‘ಸೈಟೇಷನ್ ಲಾರಿಯೇಟ್’ ಪಟ್ಟಿಯಲ್ಲಿ ನಿಯಂತ್ರಕ ಟಿ-ಕೋಶಗಳ ಸಂಶೋಧನೆಗಾಗಿ ಅವರ ಹೆಸರಿತ್ತು. ಪ್ರಶಸ್ತಿ ಬಂದದ್ದು ಅದಾದ ಹತ್ತು ವರ್ಷಗಳ ಮೇಲೆ. ಇಂಥ ಸುಳಿವನ್ನು ಕೊಡಬಲ್ಲ ಅಳತೆಯನ್ನು ಬರಿಯ ಗದ್ದಲ ಎಂದು ತಳ್ಳಿಹಾಕಲಾಗದು.

ಇನ್ನೊಂದು ಕಾರಣವೂ ಇದೆ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಓದುವ ಹುಡುಗಿಯೊಬ್ಬಳು ಪಿಎಚ್‌.ಡಿ.ಗೆ ಮಾರ್ಗದರ್ಶಕರನ್ನು ಹುಡುಕುವಾಗ ಯಾವ ಪ್ರಯೋಗಾಲಯ ಹೇಗಿದೆ ಎಂದು ಹೇಳುವ ಪರಿಚಯದವರು ಅವಳಿಗೆ ಇರುವುದಿಲ್ಲ. ದೊಡ್ಡ ಸಂಸ್ಥೆಗಳ ಒಳಗಿನವರಿಗೆ ಮಾತುಕತೆಯಲ್ಲಿ ತಿಳಿಯುವುದು ಅವಳಿಗೆ ತಿಳಿಯುವುದು ಎಲ್ಲರಿಗೂ ಕಾಣುವ ದಾಖಲೆಗಳಿಂದ ಮಾತ್ರ. ಅವಳಿಗೆ ‘ಅಂಕಿ ನೋಡಬೇಡ’ ಎನ್ನುವುದಕ್ಕಿಂತ ಯಾವ ಅಂಕಿಯನ್ನು ಹೇಗೆ ಓದಬೇಕೆಂದು ಕಲಿಸುವುದು ನ್ಯಾಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ‘ಐಸೈಟ್’ ಎಂಬ ಸಾಧನ ಉಚಿತವಾಗಿದೆ. ವೈದ್ಯಕೀಯ ಪ್ರಬಂಧಗಳ ದತ್ತಸಂಚಯವಾದ ಪಬ್‌ಮೆಡ್‌ನಲ್ಲಿರುವ ಪ್ರಬಂಧಗಳನ್ನು ಅದಕ್ಕೆ ಕೊಟ್ಟರೆ ಪ್ರತಿಯೊಂದರ ಸೈಟೇಷನ್‌ಗಳನ್ನು ಅದೇ ಕ್ಷೇತ್ರದ, ಅದೇ ಕಾಲದ ಪ್ರಬಂಧಗಳೊಂದಿಗೆ ಹೋಲಿಸಿ ಒಂದು ಅನುಪಾತವನ್ನು ತೋರಿಸುತ್ತದೆ. ಆ ಸಂಸ್ಥೆಯ ಧನಸಹಾಯ ಪಡೆದ ಪ್ರಬಂಧಗಳ ಮಧ್ಯಾಂಕವನ್ನು 1 ಎಂದು ಇಟ್ಟುಕೊಂಡ ಅಳತೆ ಅದು. ಚಿಕಿತ್ಸೆಗೆ ಸಂಬಂಧಿಸಿದ ಪ್ರಬಂಧಗಳು ಯಾವುದನ್ನು ಉಲ್ಲೇಖಿಸಿವೆ ಎಂಬುದೂ ಅಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. ಒಟ್ಟು ಮೊತ್ತ ಮತ್ತು ಎಚ್-ಇಂಡೆಕ್ಸ್‌ಗಿಂತ ಇದು ನಿಮ್ಮ ಲೇಖನಕ್ಕೆ ಹೆಚ್ಚು ಉಪಯುಕ್ತ.

ಮರು ಉತ್ತರ — ಬೆಂಗಳೂರಿನ ಪ್ರಯೋಗಾಲಯದಿಂದ

ವಿದ್ಯಾರ್ಥಿನಿಯ ವಿಷಯದಲ್ಲಿ ತಾವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಐಸೈಟ್‌ನ ಸೂಚನೆಯೂ ಒಳ್ಳೆಯದು. ಆದರೆ 2015ರ ಆ ಪಟ್ಟಿಯನ್ನು ಪೂರ್ತಿಯಾಗಿ ನೋಡೋಣ. ನಿಯಂತ್ರಕ ಟಿ-ಕೋಶಗಳಿಗಾಗಿ ಅಲ್ಲಿ ಇದ್ದದ್ದು ಮೂರು ಹೆಸರು: ಸಕಾಗುಚಿ, ಅಲೆಕ್ಸಾಂಡರ್ ರುಡೆನ್‌ಸ್ಕಿ, ಈಥನ್ ಶೆವಾಕ್. 2025ರಲ್ಲಿ ಪ್ರಶಸ್ತಿ ಬಂದದ್ದು ಅವರಲ್ಲಿ ಒಬ್ಬರಿಗೆ. ಉಳಿದ ಇಬ್ಬರು ಪ್ರಶಸ್ತಿ ವಿಜೇತರು, ಬ್ರಂಕೋ ಮತ್ತು ರಾಮ್ಸ್‌ಡೆಲ್, ಆ ಪಟ್ಟಿಯಲ್ಲಿರಲಿಲ್ಲ. ಎರಡು ವರ್ಷಗಳ ನಂತರ, 2017ರ ಕ್ರಾಫೋರ್ಡ್ ಪ್ರಶಸ್ತಿಯನ್ನು ಸಕಾಗುಚಿ, ರಾಮ್ಸ್‌ಡೆಲ್, ರುಡೆನ್‌ಸ್ಕಿ ಹಂಚಿಕೊಂಡರು; ಅಲ್ಲಿಯೂ ಬ್ರಂಕೋ ಇರಲಿಲ್ಲ.

ರುಡೆನ್‌ಸ್ಕಿ ಮತ್ತು ಶೆವಾಕ್ ಅವರ ಕೊಡುಗೆ ಕಡಿಮೆಯದು ಎಂದು ಇದರ ಅರ್ಥವಲ್ಲ. ಅವರ ಪ್ರಬಂಧಗಳಿಲ್ಲದೆ ನನ್ನಂಥವರ ದಿನದ ಕೆಲಸವೇ ನಡೆಯುವುದಿಲ್ಲ. ನೊಬೆಲ್ ಅನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ ಎಂಬ ನಿಯಮವೂ ಇದೆ. ಸೈಟೇಷನ್‌ಗಳು ಮಹತ್ವದ ವಿಷಯವನ್ನು ಚೆನ್ನಾಗಿ ಗುರುತಿಸುತ್ತವೆ. ಆ ವಿಷಯದೊಳಗೆ ನಿರ್ಣಾಯಕ ಹೆಜ್ಜೆ ಇಟ್ಟವರು ಯಾರು ಎಂಬುದನ್ನು ಅಷ್ಟು ಚೆನ್ನಾಗಿ ಗುರುತಿಸುವುದಿಲ್ಲ. ಹಲವು ದಶಕಗಳ ಕಾಲ ದೊಡ್ಡ ಪ್ರಯೋಗಾಲಯ ನಡೆಸಿದವರ ಹೆಸರಿನ ಸುತ್ತ ಉಲ್ಲೇಖಗಳು ಸಹಜವಾಗಿ ಸೇರಿಕೊಳ್ಳುತ್ತವೆ. ನಮ್ಮ ಕ್ಷೇತ್ರದ ಲೇಖಕರ ಅನುಕ್ರಮವನ್ನೂ ಇದಕ್ಕಾಗಿಯೇ ಓದಿ ತಿಳಿಯಬೇಕು: ಪ್ರಯೋಗ ಮಾಡಿದವರು ಸಾಮಾನ್ಯವಾಗಿ ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ. ಸಕಾಗುಚಿ 1995ರ ಪ್ರಬಂಧದಲ್ಲಿ ಮೊದಲ ಲೇಖಕರು. 2003ರ ‘ಸೈನ್ಸ್’ ಪ್ರಬಂಧದಲ್ಲಿ ಮೊದಲ ಹೆಸರು ಹೋರಿ ಅವರದ್ದು, ಸಕಾಗುಚಿ ಕೊನೆಯವರು. ಒಟ್ಟು ಸೈಟೇಷನ್ ಲೆಕ್ಕದಲ್ಲಿ ಈ ಎರಡು ಪಾತ್ರಗಳ ವ್ಯತ್ಯಾಸ ಅಳಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. 1985, 1995, 2003ರ ಪ್ರಬಂಧಗಳನ್ನು ಕಾಲಾನುಕ್ರಮದಲ್ಲಿ ವಿವರಿಸಿ, ಸಮೀಕ್ಷಾ ಲೇಖನಗಳನ್ನು ಪ್ರತ್ಯೇಕ ಕಂಡಿಕೆಯಲ್ಲಿ ಇಟ್ಟು, ಕೊನೆಯಲ್ಲಿ ಒಂದೇ ದತ್ತಸಂಚಯದ ಅಂಕಿಯನ್ನು ದಿನಾಂಕದೊಂದಿಗೆ ಕೊಡಲು ನಿರ್ಧರಿಸಿದ್ದೇನೆ. 2015ರ ಪಟ್ಟಿಯ ಮೂರು ಹೆಸರುಗಳನ್ನೂ ಸೇರಿಸುತ್ತೇನೆ. ಉಳಿದಿರುವುದು ಬ್ರಂಕೋ ಅವರ ವಿಷಯ. ಅವರ ಪಟ್ಟಿ ಏಕೆ ಚಿಕ್ಕದು ಎಂಬುದಕ್ಕೆ ಒಂದೆರಡು ವಾಕ್ಯಗಳ ವಿವರಣೆಯನ್ನಾದರೂ ಬರೆಯದಿದ್ದರೆ ವಿದ್ಯಾರ್ಥಿಗಳು ಅದನ್ನು ಅದೃಷ್ಟ ಎಂದುಕೊಂಡುಬಿಡುತ್ತಾರೆ.

ಉತ್ತರ — ಔಷಧ ಕಂಪನಿಯ ಸಂಶೋಧಕಿ

ಅದೃಷ್ಟ ಎಂದು ಯಾರೂ ಭಾವಿಸದಂತೆ ಬರೆಯಲು ಬೇಕಾದ ಸಾಮಗ್ರಿ ಇದೆ. ಬ್ರಂಕೋ ಮತ್ತು ರಾಮ್ಸ್‌ಡೆಲ್ ಆ ಕೆಲಸ ಮಾಡಿದ್ದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೋಥೆಲ್‌ನಲ್ಲಿದ್ದ ಸೆಲ್‌ಟೆಕ್ ಕೈರೋಸೈನ್ಸ್ ಎಂಬ ಕಂಪನಿಯಲ್ಲಿ. ಕಂಪನಿಯ ಸಂಶೋಧಕರ ಶ್ರಮ ಪೇಟೆಂಟ್‌ಗಳಲ್ಲಿ, ಆಂತರಿಕ ವರದಿಗಳಲ್ಲಿ, ಮುಂದೆ ಔಷಧಗಳಲ್ಲಿ ಸೇರಿಹೋಗುತ್ತದೆ; ಅದರಲ್ಲಿ ಪ್ರಬಂಧವಾಗಿ ಹೊರಬರುವುದು ಒಂದು ಭಾಗ ಮಾತ್ರ. ಸ್ಕೋಪಸ್ ಆಗಲಿ ಗೂಗಲ್ ಸ್ಕಾಲರ್ ಆಗಲಿ ಕೊಡುವ ಎಚ್-ಇಂಡೆಕ್ಸ್‌ನಲ್ಲಿ ಈ ದುಡಿಮೆಯ ಬಹುಪಾಲು ಕಾಣುವುದಿಲ್ಲ.

ಅವರು ಕೈಗೆತ್ತಿಕೊಂಡದ್ದು ‘ಸ್ಕರ್ಫಿ’ ಎಂಬ ಇಲಿ ತಳಿ. ಟೆನೆಸಿಯ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1940ರ ದಶಕದ ಕೊನೆಯಲ್ಲಿ ತಾನಾಗಿ ಕಾಣಿಸಿಕೊಂಡ ಈ ತಳಿಯಲ್ಲಿ ಗಂಡುಮರಿಗಳು ಹುರುಪೆಗಟ್ಟಿದ ಚರ್ಮ, ಊದಿದ ಗುಲ್ಮಗಳೊಂದಿಗೆ ಕೆಲವೇ ವಾರ ಬದುಕುತ್ತವೆ. ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂದು ತಿಳಿದಿತ್ತು, ಯಾವ ಜೀನ್ ಎಂದು ತಿಳಿದಿರಲಿಲ್ಲ. ಮಾನವ ಜೀನೋಮಿನ ಕರಡು ಇನ್ನೂ ಸಿದ್ಧವಾಗದಿದ್ದ ಆ ಕಾಲದಲ್ಲಿ ಅವರು ಹುಡುಕಾಟದ ಜಾಗವನ್ನು ಸುಮಾರು 5,00,000 ನ್ಯೂಕ್ಲಿಯೋಟೈಡ್‌ಗಳಿಗೆ ಕಿರಿದಾಗಿಸಿ, ಅಲ್ಲಿದ್ದ 20 ಜೀನ್‌ಗಳನ್ನು ಒಂದೊಂದಾಗಿ ರೋಗದ ಇಲಿ ಮತ್ತು ಆರೋಗ್ಯದ ಇಲಿಗಳ ನಡುವೆ ಹೋಲಿಸಿದರು. ದೋಷ ಸಿಕ್ಕಿದ್ದು ಕೊನೆಯ, ಇಪ್ಪತ್ತನೆಯ ಜೀನ್‌ನಲ್ಲಿ. ಅದೇ ಫಾಕ್ಸ್‌ಪಿ3. 2001ರ ಜನವರಿಯಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂದ ಆ ಪ್ರಬಂಧದ ಮೊದಲ ಲೇಖಕಿ ಬ್ರಂಕೋ, ಕೊನೆಯ ಲೇಖಕ ರಾಮ್ಸ್‌ಡೆಲ್. ಗಂಡುಶಿಶುಗಳನ್ನು ಬಾಧಿಸುವ ಐಪೆಕ್ಸ್ ಎಂಬ ಅಪರೂಪದ ಮಾರಕ ಕಾಯಿಲೆಗೂ ಇದೇ ಜೀನ್‌ನ ದೋಷ ಕಾರಣ ಎಂದು ತೋರಿಸಿದ ಪ್ರಬಂಧಗಳು ಅದೇ ಸಂಚಿಕೆಯಲ್ಲಿವೆ. ಆದ್ದರಿಂದ ಆ ಸಂಚಿಕೆಯ ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ಸೈಟೇಷನ್ ನೋಡಿ. ಒಂದನ್ನೇ ಕಿತ್ತು ನೋಡಿದರೆ ಉಲ್ಲೇಖಗಳು ಹಂಚಿಹೋಗಿರುವುದು ಕಾಣುವುದಿಲ್ಲ.

ಇದು ಅವರ ಏಕೈಕ ದೊಡ್ಡ ಕೆಲಸವೂ ಅಲ್ಲ. ಅದೇ 2001ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್’ನಲ್ಲಿ ಬ್ರಂಕೋ ಮೊದಲ ಲೇಖಕಿಯಾಗಿರುವ ಇನ್ನೊಂದು ಪ್ರಬಂಧವಿದೆ. ಮೂಳೆಗಳು ಮಿತಿಮೀರಿ ದಪ್ಪವಾಗುವ ಸ್ಕ್ಲೆರೋಸ್ಟಿಯೋಸಿಸ್ ಎಂಬ ಆನುವಂಶಿಕ ಕಾಯಿಲೆಗೆ ಎಸ್‌ಒಎಸ್‌ಟಿ ಎಂಬ ಜೀನ್‌ನ ದೋಷ ಕಾರಣ ಎಂದು ಅದು ಹೇಳುತ್ತದೆ. ಆ ಜೀನ್ ತಯಾರಿಸುವ ಸ್ಕ್ಲೆರೋಸ್ಟಿನ್ ಪ್ರೋಟೀನನ್ನು ತಡೆದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆಯಿಂದ ರೂಪುಗೊಂಡ ರೊಮೊಸೊಜುಮ್ಯಾಬ್ ಔಷಧಕ್ಕೆ, ಮುಟ್ಟು ನಿಂತ ನಂತರ ಮೂಳೆ ಸವೆತದಿಂದ ಬಳಲುವ ಮಹಿಳೆಯರ ಚಿಕಿತ್ಸೆಗಾಗಿ, 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ರೋಗನಿರೋಧಕ ಶಾಸ್ತ್ರದ ಹೊರಗಿನ ವಿಷಯವಾದರೂ ನಿಮ್ಮ ಲೇಖನದಲ್ಲಿ ಒಂದು ವಾಕ್ಯದ ಜಾಗಕ್ಕೆ ಅರ್ಹ.

ಬರೆಯುವಾಗ ಸಕಾಗುಚಿ ಅವರ ಎಚ್-ಇಂಡೆಕ್ಸ್ ಪಕ್ಕದಲ್ಲಿ ಬ್ರಂಕೋ ಅವರ ಎಚ್-ಇಂಡೆಕ್ಸ್ ಇಟ್ಟು ಕೋಷ್ಟಕ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವರ ಹೆಸರಿನ ಎದುರು 2001ರ ಈ ಎರಡು ಪ್ರಬಂಧಗಳನ್ನು ಹೆಸರಿಸಿ, ಕಂಪನಿಯಲ್ಲಿ ನಡೆದ ಸಂಶೋಧನೆ ಎಂದು ಸ್ಪಷ್ಟವಾಗಿ ಹೇಳಿ, ಪೇಟೆಂಟ್‌ಗಳ ಪ್ರಸ್ತಾಪ ಬಂದರೆ ಅವುಗಳ ಉಲ್ಲೇಖವನ್ನು ಪ್ರಬಂಧಗಳ ಸೈಟೇಷನ್‌ಗೆ ಕೂಡಿಸದೆ ಬೇರೆಯಾಗಿಯೇ ಕೊಡಿ.